ಚಕ್ಕೆ ಎಲೆಯ ಎಣ್ಣೆ, ತೊಗಟೆಯ ಎಣ್ಣೆ ಎರಡೂ ಒಂದೇನಾ?

ಪ್ರಶ್ನೆ:
ಎರಡು ಬಾಟಲಿಗಳ ಮೇಲೂ ‘ಸಿನಮೋಮಮ್ ವೇರಮ್’ (ಚಕ್ಕೆ ಮರದ ಸಸ್ಯಶಾಸ್ತ್ರೀಯ ಹೆಸರು) ಅಂತಲೇ ಇದೆ. ಒಂದು ಎಲೆಯದು, ಒಂದು ತೊಗಟೆಯದು. ಎಲೆಯದ್ದು ಲವಂಗದ ವಾಸನೆ ಬರ್ತಿದೆ, ಕಲಬೆರಕೆ ಇರಬಹುದಾ? ಕೀಲುನೋವಿಗೆ ಹಚ್ಚೋ ತೈಲಕ್ಕೆ ಯಾವುದನ್ನು, ಎಷ್ಟು ಹಾಕಬೇಕು? ದಿನಾ ಚಕ್ಕೆ ಕಷಾಯ ಕುಡಿಯೋದಕ್ಕೆ ಮಿತಿ ಇದೆಯಾ?

ಉತ್ತರ 1:
ಬರೀ ಲವಂಗದ ವಾಸನೆ ಅಂತ ಕಲಬೆರಕೆ ಅನ್ನೋಕಾಗಲ್ಲ. ಎಲೆಯ ಎಣ್ಣೆಯಲ್ಲಿ ಮುಕ್ಕಾಲು ಪಾಲು ಯೂಜೆನಾಲ್ ಅನ್ನೋ ವಾಸನೆಯ ರಾಸಾಯನಿಕ, ಲವಂಗದಲ್ಲಿರೋದೂ ಅದೇ. ತೊಗಟೆಯಲ್ಲಿ ಚಕ್ಕೆಯ ಪರಿಮಳ ಕೊಡೋ ಸಿನ್ನಮಾಲ್ಡಿಹೈಡ್ ಮುಖ್ಯ, ಬೇರಿನ ತೊಗಟೆಯಲ್ಲಿ ಕರ್ಪೂರ. ಮರ ಒಂದೇ, ಔಷಧಿ ಮೂರು. ಅನುಮಾನ ಇದ್ದರೆ ಒಂದು ಹನಿ ಎಣ್ಣೆಯನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ ಒಂದು ತೊಟ್ಟು ಫೆರಿಕ್ ಕ್ಲೋರೈಡ್ (ಕಬ್ಬಿಣದ ಒಂದು ಲವಣ) ದ್ರಾವಣ ಬಿಡಿ. ಎಲೆಯದಾದರೆ ಕಡುನೀಲಿ, ತೊಗಟೆಯದಾದರೆ ತಿಳಿಹಸಿರು. ಎಲೆಯ ಎಣ್ಣೆಯನ್ನು ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಕಪ್ಪಾಗೋದೂ ಇದೇ ಕಾರಣಕ್ಕೆ, ಯೂಜೆನಾಲ್ ಕಬ್ಬಿಣದ ಜೊತೆ ಸೇರುತ್ತೆ. ಗಾಜಿನ ಬಾಟಲಿಯೇ ಸರಿ, ಅದೂ ಕಂಠದ ತನಕ ತುಂಬಿರಲಿ. ಗಾಳಿ ತಾಗಿದರೆ ತೊಗಟೆಯ ಎಣ್ಣೆಯೂ ಕೆಡುತ್ತೆ, ಸಿನ್ನಮಿಕ್ ಆಮ್ಲವಾಗಿ ಹರಳುಗಟ್ಟುತ್ತೆ.

ಹಚ್ಚೋ ತೈಲಕ್ಕೆ ಎಲೆಯದ್ದೇ ವಾಸಿ: 100 ಮಿ.ಲೀ. ಎಳ್ಳೆಣ್ಣೆಗೆ ಅರ್ಧ ಮಿ.ಲೀ. ಸಾಕು, ಅಂದರೆ ಸುಮಾರು ಹತ್ತು ಹನಿ. ತೊಗಟೆಯದ್ದನ್ನೇ ಹಾಕ್ತೀರಿ ಅಂದರೆ ಒಂದೇ ಹನಿ. ಸಿನ್ನಮಾಲ್ಡಿಹೈಡ್ ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿಸಿದರೆ ಆಮೇಲೆ ಚಕ್ಕೆ ಪರಿಮಳದ ಟೂತ್‌ಪೇಸ್ಟ್ ಕೂಡ ಬಾಯಿ ಉರಿಸಬಹುದು. ಯಾವುದೇ ಆಗಲಿ, ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ನೋಡಿ.

ಉತ್ತರ 2:
ಕಷಾಯದ ವಿಷಯ. ಅದು ಯಾವ ಚಕ್ಕೆ ಅನ್ನೋದರ ಮೇಲೆ ಮಿತಿ ನಿಂತಿದೆ. ಸುರುಳಿಯೊಳಗೆ ಕಾಗದದಷ್ಟು ತೆಳುವಾದ ಪದರಗಳಿದ್ದು ಬೆರಳಲ್ಲೇ ಪುಡಿಯಾದರೆ ಅಸಲಿ ದಾಲ್ಚಿನ್ನಿ. ದಪ್ಪನೆಯ ಒಂದೇ ಪದರ, ಮುರಿಯೋಕೆ ಗಟ್ಟಿ ಅಂದರೆ ಕ್ಯಾಸಿಯಾ, ಅದೇ ಜಾತಿಗೆ ಸೇರಿದ ಬೇರೆ ಮರಗಳ ತೊಗಟೆ. ಕ್ಯಾಸಿಯಾದಲ್ಲಿ ಕೂಮರಿನ್ ಅನ್ನೋ ಪರಿಮಳದ ರಾಸಾಯನಿಕ ಗ್ರಾಂಗೆ ಸುಮಾರು 3 ಮಿ.ಗ್ರಾಂ., ಕೆಲವದರಲ್ಲಿ ಇನ್ನೂ ಜಾಸ್ತಿ. ಅಸಲಿಯಲ್ಲಿ ಲೆಕ್ಕಕ್ಕೇ ಇಲ್ಲದಷ್ಟು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ದಿನದ ಮಿತಿ ದೇಹತೂಕದ ಕೆ.ಜಿ.ಗೆ 0.1 ಮಿ.ಗ್ರಾಂ. 60 ಕೆ.ಜಿ. ತೂಕದವರಿಗೆ 6 ಮಿ.ಗ್ರಾಂ., ಅಂದರೆ 2 ಗ್ರಾಂ ಕ್ಯಾಸಿಯಾಗೇ ಮುಗಿಯಿತು. ದಿನಾ ಮಿತಿ ಮೀರಿದರೆ ಪೆಟ್ಟು ಬೀಳೋದು ಯಕೃತ್ತಿಗೆ. ರಕ್ತ ತೆಳುವಾಗಿಸೋ ವಾರ್ಫರಿನ್ ಕೂಮರಿನ್ ವರ್ಗದ್ದೇ ಆದರೂ ಚಕ್ಕೆಯ ಕೂಮರಿನ್‌ಗೆ ಆ ಗುಣ ಇಲ್ಲ. ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಮುಚ್ಚಳ ತೆಗೆದು ಕುದಿಸಿದರೆ ಪರಿಮಳವೆಲ್ಲ ಹಬೆಯ ಜೊತೆ ಹೋಗುತ್ತೆ, ಬಿಸಿನೀರಿಗೆ ಬಿಟ್ಟುಕೊಂಡ ಕೂಮರಿನ್ ಬಹುಪಾಲು ಉಳಿಯುತ್ತೆ. ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಸಾಕು. ಪುಡಿ ಕೊಳ್ಳಬೇಡಿ. ಪುಡಿಯಾದ ಮೇಲೆ ಯಾವುದು ಯಾವುದೋ ಕಣ್ಣಿಗೆ ತಿಳಿಯಲ್ಲ.

ಉತ್ತರ 3:
ಕೀಲುನೋವಿನ ತೈಲಕ್ಕೆ ಕರ್ಪೂರ ಸೇರಿಸೋರಿಗೆ ಒಂದು ಮಾತು. ಕರ್ಪೂರದ ಮರದಲ್ಲೂ ಎಣ್ಣೆ ಒಂದೇ ಥರ ಇರಲ್ಲ. ಕೆಲವು ಮರಗಳಲ್ಲಿ ಕರ್ಪೂರ, ಕೆಲವದರಲ್ಲಿ ಲಿನಲೂಲ್, ಕೆಲವದರಲ್ಲಿ ಸಿನಿಯೋಲ್ ಅನ್ನೋ ಬೇರೆ ಪರಿಮಳದ ರಾಸಾಯನಿಕಗಳು ಪ್ರಧಾನ. ಬಾಟಲಿಯಲ್ಲಿ ಮರದ ಹೆಸರಿಗಿಂತ ಘಟಕಗಳ ಪಟ್ಟಿ ನೋಡಿ. ಕರ್ಪೂರ 100 ಮಿ.ಲೀ.ಗೆ 3ರಿಂದ 5 ಗ್ರಾಂ ಸಾಕು. ಗಾಯದ ಮೇಲೆ ಬೇಡ, ಚಿಕ್ಕ ಮಕ್ಕಳಿಗಂತೂ ಬೇಡವೇ ಬೇಡ. ಮಗು ಒಂದು ಗ್ರಾಂ ಆಸುಪಾಸು ನುಂಗಿದರೂ ಅಪಸ್ಮಾರದಂಥ ಸೆಳೆತ ಬಂದು ಜೀವಕ್ಕೇ ಕುತ್ತು. ನುಂಗಿದ್ದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಹೋಗಿ.