ಮೊದಲ ಕೊಲೊನೋಸ್ಕೋಪಿ: ಕೇಳಿ, ಡಾಕ್ಟರ್ ಉತ್ತರ ಕೊಡ್ತಾರೆ

ಅಡ್ಮಿನ್: ಸಂಜೆ 7ರಿಂದ ಕೋಲಾರದ ಗ್ಯಾಸ್ಟ್ರೋ ಡಾಕ್ಟರ್ ಮೇಡಂ ಗುಂಪಿನಲ್ಲಿ ಇರ್ತಾರೆ. ವಿಷಯ ಕೊಲೊನೋಸ್ಕೋಪಿ ಮಾತ್ರ, ಅಂದ್ರೆ ಗುದದಿಂದ ಕ್ಯಾಮೆರಾ ಇರೋ ಕೊಳವೆ ಹಾಕಿ ದೊಡ್ಡಕರುಳು ನೋಡೋ ಪರೀಕ್ಷೆ. ಹೆಸರು ಬೇಡ, ಊರು ಹಾಕಿ ಕೇಳಿ. ಫಾರ್ವರ್ಡ್ ಹಾಕಬೇಡಿ ಅಂತ ಮೊದಲೇ ಕೈ ಮುಗಿದು ಕೇಳ್ಕೊಳ್ತೀನಿ.

ಮಾಲೂರು: ನಮಸ್ತೆ ಮೇಡಂ. ನನಗೆ 47. ಕಂಪನಿ ಚೆಕಪ್‌ನಲ್ಲಿ ಕೊಲೊನೋಸ್ಕೋಪಿ ಮಾಡಿಸಿ ಅಂದ್ರು. ತೊಂದರೆ ಏನೂ ಇಲ್ಲ. ಆದ್ರೂ ಬೇಕಾ? ನೋವಾಗುತ್ತಾ?

ಡಾಕ್ಟರ್: ನಮಸ್ಕಾರ. ತೊಂದರೆ ಇಲ್ಲದವರಿಗೆ ಮಾಡುವುದಕ್ಕೇ ಸ್ಕ್ರೀನಿಂಗ್ ಅನ್ನುವುದು. ಅಮೆರಿಕದಲ್ಲಿ ಮೊದಲು 50 ವರ್ಷಕ್ಕೆ ಶುರು ಮಾಡಿ ಅನ್ನುತ್ತಿದ್ದರು, 2021ರಿಂದ 45ಕ್ಕೆ ಇಳಿಸಿದ್ದಾರೆ. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಇವೆ, ದೊಡ್ಡಕರುಳಿನದು ಇಲ್ಲ. ಹಾಗಾಗಿ ನಿಮಗೆ ಕಡ್ಡಾಯವೇನಲ್ಲ. ಮಾಡಿಸಿದರೆ ಲಾಭ ಇಷ್ಟು: ಪಾಲಿಪ್ ಅನ್ನುವ ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ, ಅಷ್ಟರಲ್ಲಿ ಕಂಡರೆ ಅಲ್ಲೇ ತೆಗೆದುಬಿಡಬಹುದು. ಏನೂ ಸಿಗದಿದ್ದರೆ ಮುಂದಿನದು ಹತ್ತು ವರ್ಷಕ್ಕೆ.

ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ತಂಗಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಲೆಕ್ಕ ಬೇರೆ: 40 ವರ್ಷಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಅದು.

ನೋವಿನ ವಿಷಯ. ಎಡಮಗ್ಗುಲಿಗೆ ಮಲಗಿಸಿ ಮಂಡಿ ಮಡಿಸಿಸುತ್ತೇವೆ. ಇಂಜೆಕ್ಷನ್ ಕೊಡಲು ಕೈಗೆ ಕ್ಯಾನುಲಾ, ಆಕ್ಸಿಜನ್ ನೋಡಲು ಬೆರಳಿಗೆ ಕ್ಲಿಪ್. ನಿದ್ದೆ ಇಂಜೆಕ್ಷನ್ ಕೊಟ್ಟರೆ ಬಹಳ ಜನಕ್ಕೆ ನೆನಪೇ ಇರುವುದಿಲ್ಲ. ಕೊಡದೆ ಮಾಡಿದರೆ ನೋವು ಬರುವುದು ಎಡಗಡೆ ಕೆಳಗಿನ ಡೊಂಕಿನಲ್ಲಿ, ಕೊಳವೆ ಅಲ್ಲಿ ಕುಣಿಕೆ ಹಾಕಿಕೊಂಡು ಕರುಳನ್ನು ಎಳೆದಾಗ. ಆಗ ನರ್ಸ್ ಹೊಟ್ಟೆ ಅದುಮುತ್ತಾರೆ, ಇಲ್ಲ ಮಗ್ಗುಲು ಬದಲಿಸಲು ಹೇಳುತ್ತಾರೆ. ಪಾಲಿಪ್ ಕತ್ತರಿಸುವುದು, ಬಯಾಪ್ಸಿ ಚೂರು ತೆಗೆಯುವುದು ಗೊತ್ತೇ ಆಗುವುದಿಲ್ಲ. ಒಟ್ಟು 20ರಿಂದ 45 ನಿಮಿಷ. ಮುಖ್ಯವಾಗಿ ನೋಡುವುದು ಕೊಳವೆ ಹೊರಗೆ ಎಳೆಯುತ್ತಾ ಬರುವಾಗ, ಅದಕ್ಕೆ ಕನಿಷ್ಠ 6 ನಿಮಿಷವಾದರೂ ಕೊಡಬೇಕು. ರಿಪೋರ್ಟಿನಲ್ಲಿ ಅಪೆಂಡಿಕ್ಸ್ ಬಾಯಿಯ ಫೋಟೋ ಇದೆಯಾ ನೋಡಿಕೊಳ್ಳಿ, ಕೊನೆಯವರೆಗೂ ಹೋಗಿದ್ದಾರೆ ಅನ್ನುವುದಕ್ಕೆ ಅದೇ ಸಾಕ್ಷಿ.

ಮುಳಬಾಗಿಲು: ಮೇಡಂ, ಮೂರು ದಿನ ಮುದ್ದೆ ತಿನ್ನಬೇಡಿ ಅಂತ ಚೀಟಿಯಲ್ಲಿ ಬರೆದಿದ್ದಾರೆ. ಯಾಕೆ? ಮತ್ತೆ ಏನು ತಿನ್ನೋದು?

ಡಾಕ್ಟರ್: ರಾಗಿ ಹೊಟ್ಟು ಕರುಳಿನ ಗೋಡೆಗೆ ಮೆತ್ತಿಕೊಳ್ಳುತ್ತದೆ, ತೊಳೆದರೂ ಬೇಗ ಬಿಡುವುದಿಲ್ಲ. ಟೊಮ್ಯಾಟೊ ಬೀಜ, ಸೀಬೆ ಬೀಜ, ಅವರೆಕಾಳಿನ ಸಿಪ್ಪೆ ಇನ್ನೂ ಕಷ್ಟ. ಕೊಳಕು ಹೀರುವ ಒಳಕೊಳವೆ 4 ಮಿ.ಮೀ. ಕೂಡ ಅಗಲವಿಲ್ಲ, ಒಂದು ಸಿಪ್ಪೆ ಅಡ್ಡ ಬಂದರೆ ಕಟ್ಟಿಕೊಳ್ಳುತ್ತದೆ. ಬಸ್ಸಾರು, ಸೊಪ್ಪು, ಹುರುಳಿ, ಕಾಯಿತುರಿ, ಸಿರಿಧಾನ್ಯ ಎಲ್ಲಾ ಮೂರು ದಿನ ಬಿಡಿ. ಬಿಳಿ ಅನ್ನ, ಇಡ್ಲಿ, ಮೊಸರು, ಸಿಪ್ಪೆ ತೆಗೆದ ಆಲೂಗಡ್ಡೆ, ಮೊಟ್ಟೆ, ಕೋಳಿ, ಮೀನು ಆಗುತ್ತದೆ. ಹಿಂದಿನ ದಿನ ನೀರಿನಂಥದ್ದು ಮಾತ್ರ: ಸೋಸಿದ ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಟೀ, ಓಆರ್‌ಎಸ್. ಹಾಲು ಬೇಡ. ಕೆಂಪು, ನೇರಳೆ ಬಣ್ಣದ್ದು ಯಾವುದೂ ಬೇಡ, ದಾಳಿಂಬೆ ರಸ ಒಳಗೆ ರಕ್ತದ ಹಾಗೇ ಕಾಣುತ್ತದೆ. ಐರನ್ ಮಾತ್ರೆ ಒಂದು ವಾರ ಮುಂಚೆ ನಿಲ್ಲಿಸಿ, ಮಲ ಕಪ್ಪಾಗಿ ಅಂಟಾಗುತ್ತದೆ.

ವೇಮಗಲ್: ನಮ್ಮಜ್ಜ 90 ವರ್ಷ ಮುದ್ದೆ ತಿಂದೇ ಬದುಕಿದ್ದು. ಈಗ ಮುದ್ದೆ ಮೇಲೂ ಇಂಗ್ಲಿಷ್ ಡಾಕ್ಟರ್‌ಗಳ ಕಣ್ಣು.

ನರಸಾಪುರ: ಮೂರು ದಿನ ಬಿಡಿ ಅಂದಿದ್ದು ರೀ, ಜೀವನಪೂರ್ತಿ ಅಲ್ಲ. ಓದಿ ಬರೀರಿ.

ವೇಮಗಲ್: ನಾರಿನ ಊಟ ಕ್ಯಾನ್ಸರ್ ತಡೆಯುತ್ತೆ ಅಂತ ಇವರೇ ಹೇಳೋದು, ಬಿಡಿ ಅಂತ ಇವರೇ ಹೇಳೋದು.

ಡಾಕ್ಟರ್: ನಾರು ಒಳ್ಳೆಯದೇ. ಪರೀಕ್ಷೆ ಮುಗಿದ ಮೇಲೆ ತಿನ್ನಿ. ಮುಂದಿನ ಪ್ರಶ್ನೆ.

ಟೇಕಲ್: ಮೇಡಂ, ಆ ದಿನವೇ ಮುಟ್ಟಾದರೆ ಮುಂದೂಡಬೇಕಾ?

ಡಾಕ್ಟರ್: ಬೇಕಿಲ್ಲ. ಬರುವಾಗ ನರ್ಸ್‌ಗೆ ಹೇಳಿ, ಅಷ್ಟೇ.

ರಾಬರ್ಟ್‌ಸನ್‌ಪೇಟೆ: ಆಯುಷ್ಮಾನ್ ಕಾರ್ಡ್‌ನಲ್ಲಿ ಆಗುತ್ತಾ ಮೇಡಂ?

ಚಿಂತಾಮಣಿ: ಐದು ತಿಂಗಳ ಹಿಂದೆ ಹಾರ್ಟ್‌ಗೆ ಸ್ಟೆಂಟ್ ಹಾಕಿದ್ದಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಇದೆ. ಒಂದು ವಾರ ನಿಲ್ಲಿಸಿ ಬರಲಾ?

ಡಾಕ್ಟರ್: ಬೇಡ. ಸ್ಟೆಂಟ್ ಹಾಕಿದ ಕಡೆ ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ರೊಟೀನ್ ಪರೀಕ್ಷೆಗೆ ಯಾವ ಅವಸರವೂ ಇಲ್ಲ. ಹೃದಯದ ಡಾಕ್ಟರು ಎರಡು ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಿ ಎಂದು ಹೇಳುವವರೆಗೆ ಕಾಯಿರಿ.

ಶ್ರೀನಿವಾಸಪುರ: ಮೇಡಂ, ನಮ್ಮಪ್ಪಂಗೆ 66. ನಾಡಿದ್ದು ಬೆಳಗ್ಗೆ 10ಕ್ಕೆ ಕೊಲೊನೋಸ್ಕೋಪಿ. ಶುಗರ್ ಇದೆ, ಬಿಪಿ ಇದೆ, ಹೋದ ತಿಂಗಳು ಕಿಡ್ನಿ ಟೆಸ್ಟ್‌ನಲ್ಲಿ ಕ್ರಿಯಾಟಿನಿನ್ 2.1 ಬಂದಿತ್ತು, ಜಾಸ್ತಿ. ಶುಗರ್‌ಗೆ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಟೆಲ್ಮಿಸಾರ್ಟನ್-ಎಚ್ ತಗೋತಾರೆ. ಪರೀಕ್ಷೆಗೆ ಮುಂಚೆ ಹೊಟ್ಟೆ ತೊಳೆಯೋಕೆ ಚೀಟಿಯಲ್ಲಿ ಬರೆದ ಪುಡಿ ಸಿಗಲಿಲ್ಲ. ಅಂಗಡಿಯಲ್ಲಿ ಅದರ ಬದಲು ಅಂತ 45 ಎಂಎಲ್‌ನ ಎರಡು ಬಾಟಲ್ ಕೊಟ್ರು, ಸೋಡಿಯಂ ಫಾಸ್ಫೇಟ್ ಅಂತ ಬರೆದಿದೆ. ನಾಳೆ ಸಂಜೆ ಕುಡಿಸಬೇಕು. ನೀರಲ್ಲಿ ಬೆರೆಸಬೇಕಾ, ಹಾಗೇನಾ?

ಡಾಕ್ಟರ್: ಕುಡಿಸಬೇಡಿ. ಎರಡು ಬಾಟಲನ್ನೂ ಈಗಲೇ ತೆಗೆದಿಡಿ, ಅಪ್ಪನ ಕೈಗೆ ಸಿಗುವ ಕಡೆ ಇಡಬೇಡಿ.

ಕಾರಣ ಹೇಳುತ್ತೇನೆ, ಇದನ್ನು ಎಲ್ಲರೂ ಓದಿ. ಫಾಸ್ಫೇಟ್ ದ್ರಾವಣ ದೇಹದ ನೀರನ್ನು ಕರುಳಿಗೆ ಎಳೆದು ಭೇದಿ ಮಾಡಿಸುತ್ತದೆ. ಅದರಲ್ಲಿರುವ ಫಾಸ್ಫೇಟಿನ ಒಂದು ಪಾಲು ರಕ್ತಕ್ಕೂ ಸೇರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಹೊರಹಾಕುತ್ತದೆ. ಸೊರಗಿದ ಕಿಡ್ನಿಗೆ ಆಗುವುದಿಲ್ಲ. ದೇಹ ಒಣಗಿರುವಾಗ ಫಾಸ್ಫೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಹರಳುಗಟ್ಟುತ್ತದೆ. ಆ ಹಾನಿ ವಾಸಿಯಾಗದೆ ಡಯಾಲಿಸಿಸ್ ತನಕ ಹೋಗಬಹುದು. ವಯಸ್ಸಾದವರು, ಕಿಡ್ನಿ ತೊಂದರೆಯವರು, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆಯವರು, ಮೂತ್ರದ ಮಾತ್ರೆಯವರು, ಮಂಡಿನೋವಿಗೆ ನೋವಿನ ಮಾತ್ರೆ ನುಂಗುವವರು, ಇವರಿಗೇ ಅಪಾಯ ಜಾಸ್ತಿ. ನಿಮ್ಮಪ್ಪನಲ್ಲಿ ಇವುಗಳಲ್ಲಿ ನಾಲ್ಕು ಇವೆ. ನಿಮ್ಮ ಮಾತ್ರೆಯ ಹೆಸರಿನ ಕೊನೆಯ ಎಚ್ ಅಂದರೆ ಮೂತ್ರದ ಮದ್ದೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಈ ಬಗ್ಗೆ ಕಟ್ಟೆಚ್ಚರ ಕೊಟ್ಟಿದೆ. ಮ್ಯಾಗ್ನೀಷಿಯಂ ಇರುವ ಭೇದಿ ಮದ್ದೂ ಇವರಿಗೆ ಬೇಡ.

ಬೇಕಾದದ್ದು ಪೆಗ್ ಪುಡಿ, ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣ. ಸುಮಾರು 137 ಗ್ರಾಮಿನ ಪೊಟ್ಟಣ, 2 ಲೀಟರ್ ನೀರಿಗೆ. ಇದು ದೇಹಕ್ಕೆ ಹೆಚ್ಚೂಕಮ್ಮಿ ಸೇರದೆ ಹಾಗೇ ಹೊರಗೆ ಹೋಗುತ್ತದೆ. ಬೋರ್‌ವೆಲ್ ನೀರು ಬೇಡ, ಆರ್‌ಒ ಕ್ಯಾನ್ ನೀರು ಸಾಕು. ಸಕ್ಕರೆ ಹಾಕಬೇಡಿ. ಫ್ರಿಡ್ಜಿನಲ್ಲಿಟ್ಟು ನಿಂಬೆ ಹಿಂಡಿದರೆ ಕುಡಿಯಲು ಸಲೀಸು. 10ಕ್ಕೆ ಪರೀಕ್ಷೆ ಅಂದರೆ ಹಿಂದಿನ ಸಂಜೆ 6ಕ್ಕೆ ಒಂದು ಲೀಟರ್, ಬೆಳಗಿನ ಜಾವ 4ಕ್ಕೆ ಇನ್ನೊಂದು. ಹದಿನೈದು ನಿಮಿಷಕ್ಕೊಂದು 250 ಎಂಎಲ್ ಲೋಟ. ವಾಕರಿಕೆ ಬಂದರೆ ಅರ್ಧ ಗಂಟೆ ಬಿಟ್ಟು ಮತ್ತೆ ಶುರು ಮಾಡಿ, ನಿಲ್ಲಿಸಬೇಡಿ. ರಾತ್ರಿಯೇ ಎಲ್ಲಾ ಮುಗಿಸಿ ಮಲಗಿದರೆ ಬೆಳಗ್ಗೆ ಹೊತ್ತಿಗೆ ಸಣ್ಣಕರುಳಿನಿಂದ ಇಳಿದ ಹಳದಿ ಲೋಳೆ ಬಲಭಾಗವನ್ನು ಮುಚ್ಚಿಬಿಡುತ್ತದೆ, ಚಪ್ಪಟೆ ಪಾಲಿಪ್ ಕಾಣದೆ ಹೋಗುವುದು ಅಲ್ಲಿಯೇ.

ಈಗ ಮಾತ್ರೆ. ಡಾಪಾಗ್ಲಿಫ್ಲೋಜಿನ್ ಮೂರು ದಿನ ಮುಂಚೆ ನಿಲ್ಲಬೇಕು. ಉಪವಾಸದಲ್ಲಿ ಅದಿದ್ದರೆ ಶುಗರ್ 150-180 ಇದ್ದಾಗಲೇ ರಕ್ತ ಆಮ್ಲವಾಗಬಹುದು, ಗ್ಲೂಕೋಮೀಟರ್ ಎಚ್ಚರಿಕೆ ಕೊಡುವುದಿಲ್ಲ. ಇವತ್ತು ನುಂಗಿದ್ದರೆ ನಾಡಿದ್ದಿನ ದಿನವನ್ನೇ ಮುಂದೂಡಿಸಿ. ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ನೀರಿನ ಊಟದ ದಿನವೂ ಬೇಡ, ಪರೀಕ್ಷೆಯ ಬೆಳಗ್ಗೆಯೂ ಬೇಡ. ಟೆಲ್ಮಿಸಾರ್ಟನ್-ಎಚ್ ಕೂಡ ಆ ಎರಡು ದಿನ ಬೇಡ. ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ. 70ಕ್ಕಿಂತ ಇಳಿದರೆ ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಇದನ್ನೆಲ್ಲ ಆ ಆಸ್ಪತ್ರೆಗೆ ನಾಳೆ ಬೆಳಗ್ಗೆ ಫೋನ್ ಮಾಡಿ ಹೇಳಲೇಬೇಕು. ಬರೆದುಕೊಟ್ಟವರಿಗೆ ಕ್ರಿಯಾಟಿನಿನ್ ಗೊತ್ತಿತ್ತಾ? ಮಂಡಿಗೆ ಮಾತ್ರೆ ತಗೋತಾರಾ?

ಶ್ರೀನಿವಾಸಪುರ: ಆ ರಿಪೋರ್ಟ್ ತೋರಿಸಿರಲಿಲ್ಲ ಮೇಡಂ. ಮಂಡಿಗೆ ಯಾವಾಗ್ಲಾದ್ರೂ ಒಂದು. ಡಾಪಾ ಇವತ್ತು ಬೆಳಗ್ಗೆ ತಗೊಂಡ್ರು.

ಡಾಕ್ಟರ್: ಹಾಗಾದರೆ ಮುಂದೂಡಿ. ಮಂಡಿ ಮಾತ್ರೆ ಪೂರ್ತಿ ಬಂದ್.

ಬಂಗಾರಪೇಟೆ, ಮೆಡಿಕಲ್ ಶಾಪ್: ಮೇಡಂ, ತಪ್ಪು ತಿಳ್ಕೋಬೇಡಿ. ಎರಡೂ ಹೊಟ್ಟೆ ತೊಳೆಯೋ ಮದ್ದೇ. ಸ್ಟಾಕ್ ಇಲ್ಲದಿದ್ರೆ ಗಿರಾಕಿ ವಾಪಸ್ ಹೋಗ್ಬೇಕಾ? ಎಷ್ಟೋ ಜನ ಆ ಬಾಟಲ್ ಕುಡಿದು ಚೆನ್ನಾಗೇ ಇದ್ದಾರೆ.

ಡಾಕ್ಟರ್: ಕಿಡ್ನಿ ಚೆನ್ನಾಗಿರುವವರು ಇದ್ದಾರು. ಕ್ರಿಯಾಟಿನಿನ್ ಕೇಳಿ ಕೊಟ್ಟರಾ? ಒಂದು ಕಂಪನಿಯ ಪೆಗ್ ಬದಲು ಇನ್ನೊಂದು ಕಂಪನಿಯ ಪೆಗ್ ಕೊಡಿ, ಅದು ಬದಲಿ. ಪೆಗ್ ಬದಲು ಫಾಸ್ಫೇಟ್ ಕೊಟ್ಟರೆ ಅದು ಬೇರೆಯೇ ಔಷಧಿ.

ಬಂಗಾರಪೇಟೆ, ಮೆಡಿಕಲ್ ಶಾಪ್: ನಾನು ಕೊಟ್ಟಿದ್ದಲ್ಲ. ಸುಮ್ನೆ ಎಲ್ಲಾ ಅಂಗಡಿಯವರ ಮೇಲೆ ಹಾಕ್ಬೇಡಿ.

ನರಸಾಪುರ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.

ಬಂಗಾರಪೇಟೆ, ಮೆಡಿಕಲ್ ಶಾಪ್: ನಿಮ್ಮನ್ನ ಯಾರು ಕೇಳಿದ್ರು ಸ್ವಾಮಿ?

ಕೆಜಿಎಫ್: ಇದೆಲ್ಲ ರಾಸಾಯನಿಕ ಯಾಕೆ? ಫಾರ್ವರ್ಡ್ ಬಂದಿದೆ, ಉಪಯೋಗ ಆಗಬಹುದು: "ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಲೀಟರ್ ಬಿಸಿ ಉಪ್ಪುನೀರು, ರಾತ್ರಿ ನಾಲ್ಕು ಚಮಚ ಹರಳೆಣ್ಣೆ. ಮೂರು ದಿನದಲ್ಲಿ ಕರುಳಿನ ಹತ್ತು ವರ್ಷದ ಕೊಳೆ ಹೊರಗೆ. ಕೊಲೊನೋಸ್ಕೋಪಿ ಬೇಡವೇ ಬೇಡ."

ಡಾಕ್ಟರ್: ಹತ್ತು ವರ್ಷದ ಕೊಳೆ ಅನ್ನುವುದು ಕರುಳಿನಲ್ಲಿ ಇರುವುದಿಲ್ಲ. ಅದರ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಉಪ್ಪುನೀರು ಎರಡು ಲೀಟರ್ ಅಂದರೆ ಹಾರ್ಟ್ ಫೇಲ್ಯೂರ್, ಬಿಪಿ, ಕಿಡ್ನಿ ಇರುವವರಿಗೆ ಉಸಿರು ಕಟ್ಟುವಷ್ಟು ಸೋಡಿಯಂ. ಹರಳೆಣ್ಣೆ ಕರುಳು ಹಿಂಡುತ್ತದೆ, ಒಳಗೆ ಅಡ್ಡಗಟ್ಟಿದ ಗಡ್ಡೆ ಇದ್ದವರಿಗೆ ಅದೇ ಆಪತ್ತು. ಮೇಲೆ ಒಬ್ಬರು ಕಿಡ್ನಿ ರೋಗಿಯ ಬಗ್ಗೆ ಕೇಳುತ್ತಿರುವಾಗ ಇದನ್ನು ಇಲ್ಲಿ ಹಾಕಿದ್ದೀರಿ. ಅಡ್ಮಿನ್, ದಯವಿಟ್ಟು ಅಳಿಸಿ.

ಕೆಜಿಎಫ್: ನಮ್ಮ ಹಿರಿಯರು ಮಾಡಿದ್ದೆಲ್ಲ ತಪ್ಪಾ ಮೇಡಂ?

ಅಡ್ಮಿನ್: ಅಳಿಸಿದ್ದೀನಿ. ಇನ್ನೊಂದು ಸಲ ಹಾಕಿದ್ರೆ ಗುಂಪಿಂದ ತೆಗೀತೀನಿ.

ಗೌರಿಬಿದನೂರು: ನೋವಾಗುತ್ತಾ ಮೇಡಂ?

ಡಾಕ್ಟರ್: ಮೇಲೆ ಬರೆದಿದೆ.

ಮುಳಬಾಗಿಲು: ನನ್ನ ತಮ್ಮಂಗೆ 41. ಮೂರು ತಿಂಗಳಿಂದ ಮೋಷನ್ ಜೊತೆ ರಕ್ತ. ಮೊಳೆರೋಗ ಅಂತ ಗಡಿ ಆಚೆ ಇಂಜೆಕ್ಷನ್ ಹಾಕಿಸ್ಕೊಂಡು ಬಂದ. ಈಗ ದಿನಕ್ಕೆ ನಾಲ್ಕು ಸಲ ಹೋಗ್ತಾನೆ, ತೂಕ ಇಳಿದಿದೆ. ಇನ್ನೊಂದು ಇಂಜೆಕ್ಷನ್ ಬೇಕು ಅಂತಾರೆ.

ಡಾಕ್ಟರ್: ಇಂಜೆಕ್ಷನ್ ಬೇಡ. ಇದು ರೊಟೀನ್ ಪರೀಕ್ಷೆಯ ಮಾತಲ್ಲ, ಈ ವಾರವೇ ತೋರಿಸಿ. ಮೊಳೆಯ ರಕ್ತ ಸಾಮಾನ್ಯವಾಗಿ ಮಲದ ಮೇಲೆ ಕೆಂಪಗೆ, ಕೊನೆಯಲ್ಲಿ ತೊಟ್ಟಿಕ್ಕುತ್ತದೆ. ಮಲದಲ್ಲಿ ಬೆರೆತಿದ್ದರೆ, ಹೋಗುವ ರೀತಿ ಬದಲಾದರೆ, ತೂಕ ಇಳಿದರೆ ಮೊಳೆ ಎಂದು ಕುಳಿತುಕೊಳ್ಳಬಾರದು. ಮೊಳೆಯೂ ಇರಬಹುದು, ಮೇಲೆ ಇನ್ನೊಂದೂ ಇರಬಹುದು. ಹಿಮೋಗ್ಲೋಬಿನ್ ಮಾಡಿಸಿ ತನ್ನಿ. ಮೊದಲು ಬೆರಳು ಹಾಕಿ ನೋಡುತ್ತಾರೆ, ಬೇಡ ಅನ್ನದಿರಲಿ, ಗುದದ ಹತ್ತಿರದ ಗಡ್ಡೆ ಎಷ್ಟೋ ಸಲ ಅದರಲ್ಲೇ ಸಿಗುತ್ತದೆ.

ವೇಮಗಲ್: ಆ ಇಂಜೆಕ್ಷನ್‌ನಲ್ಲಿ ಎಷ್ಟೋ ಜನಕ್ಕೆ ವಾಸಿ ಆಗಿದೆ. ಹೆದರಿಸ್ಬೇಡಿ.

ಮುಳಬಾಗಿಲು: ನಿಮ್ಮ ತಮ್ಮ ಆಗಿದ್ರೆ ಹೀಗೆ ಹೇಳ್ತಿದ್ರಾ? ಸುಮ್ನಿರಿ.

ವೇಮಗಲ್: ಮರ್ಯಾದೆ ಕೊಟ್ಟು ಮಾತಾಡಿ.

ನರಸಾಪುರ: ಮುದ್ದೆಯಿಂದ ಶುರು ಮಾಡಿದ್ದು ಇವರು, ಇನ್ನೂ ನಿಲ್ಲಿಸಿಲ್ಲ.

ಅಡ್ಮಿನ್: ಮೂವರೂ ಸಾಕು.

ಮಾಲೂರು: ಮೇಡಂ, ಮುಗಿದ ಮೇಲೆ ಸ್ಕೂಟರ್‌ನಲ್ಲಿ ವಾಪಸ್ ಬರಬಹುದಾ? ಮತ್ತೆ ಕರುಳು ತೂತಾಗುತ್ತೆ ಅಂತ ಹೇಳ್ತಾರೆ.

ಡಾಕ್ಟರ್: ನಿದ್ದೆ ಇಂಜೆಕ್ಷನ್ ಕೊಟ್ಟರೆ 24 ಗಂಟೆ ಗಾಡಿ ಓಡಿಸಬೇಡಿ, ಕಾಗದಪತ್ರಕ್ಕೆ ಸಹಿ ಹಾಕಬೇಡಿ. ಜೊತೆಗೆ ಒಬ್ಬರು ಇರಲಿ. ತೂತಾಗುವುದು ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ, ಆದರೂ ಪರೀಕ್ಷೆಯ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳುವ ಮುಂಚೆ ನಾವು ಹೇಳಲೇಬೇಕು. ಗ್ಯಾಸಿನ ನೋವು ಅವತ್ತೇ ಇಳಿಯುತ್ತದೆ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಜ್ವರ ಬಂದರೆ, ಹೆಪ್ಪುಗಟ್ಟಿದ ರಕ್ತ ಹೋದರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಬನ್ನಿ. ಪಾಲಿಪ್ ತೆಗೆದಿದ್ದರೆ ಎರಡು ವಾರದವರೆಗೂ ರಕ್ತ ಬರುವ ಸಾಧ್ಯತೆ ಇದೆ, ಆ ಹದಿನಾಲ್ಕು ದಿನ ದೂರದ ಯಾತ್ರೆ ಇಟ್ಟುಕೊಳ್ಳಬೇಡಿ.

ಗೌರಿಬಿದನೂರು: ನೋವಾಗುತ್ತಾ ಅಂತ ಕೇಳಿದ್ದೆ, ಮೇಲೆ ಎಲ್ಲಿ?

ರಾಬರ್ಟ್‌ಸನ್‌ಪೇಟೆ: ಕಾರ್ಡ್ ಬಗ್ಗೆ ಯಾರಾದ್ರೂ ಹೇಳಿ.

ಶ್ರೀನಿವಾಸಪುರ: ಮೇಡಂ, ಕೋಲಾರದಲ್ಲಿ ಪೆಗ್ ಪುಡಿ ಸಿಕ್ತು. ದಿನ ಮುಂದೂಡಿಸ್ತೀವಿ. ಕೊನೆಗೆ ಹೊಟ್ಟೆ ಸರಿಯಾಗಿ ಕ್ಲೀನ್ ಆಗಿದೆ ಅಂತ ಹೇಗೆ ಗೊತ್ತಾಗುತ್ತೆ?

ಡಾಕ್ಟರ್: ತಿಳಿ ಹಳದಿ ನೀರು ಮಾತ್ರ ಬರಬೇಕು, ಕಮೋಡಿನ ತಳ ಕಾಣಬೇಕು. ಕಂದು ಬಣ್ಣ, ಚೂರು, ಮಡ್ಡಿ ಇದ್ದರೆ ಆಗಿಲ್ಲ. ಹಾಗೇ ಬಂದು ಮಲಗಬೇಡಿ, ನರ್ಸ್‌ಗೆ ಮೊದಲೇ ಹೇಳಿದರೆ ಇನ್ನೊಂದಿಷ್ಟು ಕುಡಿಸಿಯೋ ಎನಿಮಾ ಕೊಟ್ಟೋ ಸರಿಮಾಡುತ್ತಾರೆ. ಕೊನೆಯ ಲೋಟವಾದ ಮೇಲೂ ಒಂದೆರಡು ಗಂಟೆ ಹೋಗುತ್ತಲೇ ಇರುತ್ತದೆ, ಬಸ್ ಹತ್ತುವ ಹೊತ್ತು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ. ಅನುಮಾನ ಇದ್ದರೆ ಕೊನೆಯದರ ಫೋಟೋ ತೆಗೆದು ನರ್ಸ್‌ಗೆ ತೋರಿಸಿ. ಈ ಗುಂಪಿಗೆ ಹಾಕಬೇಡಿ.