180 ಮಂದಿಯ ಸಂಘಕ್ಕೆ ಚಾಟ್ ಯಾವುದು, ಮೀಟಿಂಗ್ ಯಾವುದು? ಆನ್‌ಲೈನ್ ತಾಳಮದ್ದಳೆಯೂ ಉಂಟು

ಮಧುವಾಹಿನಿ:
ಬದಿಯಡ್ಕ ಕಡೆಯ ಒಂದು ನೋಂದಾಯಿತ ಯಕ್ಷಗಾನ ಸಂಘಕ್ಕೆ ಸಲಹೆ ಬೇಕು. ಸದಸ್ಯರು ಸುಮಾರು 180. ಅರ್ಧದಷ್ಟು ಮಂದಿ ಕಾಸರಗೋಡು ಜಿಲ್ಲೆಯಲ್ಲೇ, ಉಳಿದವರು ಮಂಗಳೂರು, ಬೆಂಗಳೂರು. ಇಪ್ಪತ್ತೈದು ಮಂದಿ ದುಬೈ, ಅಬುಧಾಬಿ. ದಿನನಿತ್ಯದ ಸೂಚನೆಗೆ ಚಾಟ್, ತಿಂಗಳಿಗೊಮ್ಮೆ ಒಂದೂವರೆ ಗಂಟೆಯ ಸಮಿತಿ ಸಭೆ, ಎರಡು ತಿಂಗಳಿಗೊಮ್ಮೆ ಮೂರು ಗಂಟೆಯ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕುಳಿತು ನಡೆಸುವ ಯಕ್ಷಗಾನ). ಈಗ ಇರುವುದು ಒಂದು ವಾಟ್ಸಾಪ್ ಗುಂಪು ಮಾತ್ರ. ಗುಡ್ ಮಾರ್ನಿಂಗ್ ಚಿತ್ರಗಳ ಅಡಿಯಲ್ಲಿ ಸಭೆಯ ಸೂಚನೆ ಹೂತು ಹೋಗ್ತದೆ. ಎಲ್ಲವೂ ಒಂದೇ ಆ್ಯಪಲ್ಲಿ ಆಗ್ತದಾ? ಖರ್ಚು ಕಮ್ಮಿ ಇರ್ಬೇಕು.

ಚಂದ್ರಗಿರಿ ತೀರ:
ಒಂದೇ ಆ್ಯಪ್ ಹುಡುಕುವುದನ್ನು ಬಿಡಿ. ವಾಟ್ಸಾಪ್ ವಿಡಿಯೋ ಕರೆಗೆ 32 ಮಂದಿಯ ಮಿತಿ. ಅದಕ್ಕಿಂತ ದೊಡ್ಡ ತೊಡಕು, ಯುಎಇಯಲ್ಲಿ ವಾಟ್ಸಾಪ್ ಚಾಟ್ ನಡೀತದೆ, ಕರೆ ನಡೆಯುವುದಿಲ್ಲ. ಝೂಮ್, ಗೂಗಲ್ ಮೀಟ್, ಟೀಮ್ಸ್ ಅಲ್ಲಿ ನಡೀತವೆ. ವಿಪಿಎನ್ ಹಾಕಿ ಸುತ್ತುವ ದಾರಿ ಬೇಡ, ಅಲ್ಲಿ ಅದು ಕಾನೂನಿನ ಉಪದ್ರ.

ಚಾಟಿಗೆ ವಾಟ್ಸಾಪನ್ನೇ ಇಟ್ಕೊಳ್ಳಿ, ಆದರೆ ಗುಂಪನ್ನು ಕಮ್ಯೂನಿಟಿ ಮಾಡಿ. ಪ್ರಕಟಣೆಯ ಗುಂಪಲ್ಲಿ ಸೂಚನೆ ಹಾಕುವವರು ಅಡ್ಮಿನ್‌ಗಳು ಮಾತ್ರ, ಸದಸ್ಯರ ನಂಬರು ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಅದರಡಿ ಸಮಿತಿ, ಕಲಾವಿದರು, ಹರಟೆ ಎಂದು ಮೂರು ಗುಂಪು ಸಾಕು. ಈ ಒಳಗುಂಪುಗಳಲ್ಲಿ ನಂಬರು ಕಾಣ್ತದೆ, ಸೇರುವ ಮೊದಲೇ ಹೇಳಿಬಿಡಿ. ಮೀಟಿಂಗ್ ಲಿಂಕನ್ನು ಪಿನ್ ಮಾಡಿದರೆ ಹೆಚ್ಚೆಂದರೆ 30 ದಿನ ನಿಲ್ತದೆ. ಗುಂಪಿನ ವಿವರಣೆಯಲ್ಲೇ ಹಾಕಿ.

ಸ್ಲ್ಯಾಕ್ ಕಚೇರಿಗೆ ಒಳ್ಳೆಯದು, ಆದರೆ ಉಚಿತ ಯೋಜನೆಯಲ್ಲಿ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದಿಲ್ಲ. ಡಿಸ್ಕಾರ್ಡೂ ಸಮರ್ಥವೇ. ಎಪ್ಪತ್ತು ದಾಟಿದ ಅರ್ಥಧಾರಿಗಳಿಗೆ (ಪಾತ್ರವಾಗಿ ಮಾತಾಡುವವರಿಗೆ) ಅದನ್ನು ಕಲಿಸುವುದೇ ಇನ್ನೊಂದು ಪ್ರಸಂಗ ಆದೀತು.

ಮೀಟಿಂಗಿಗೆ: ಉಚಿತ ಝೂಮ್ 40 ನಿಮಿಷಕ್ಕೆ ಕಡಿತ, ಉಚಿತ ಮೀಟ್ ಮೂವರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷ. ಎರಡಕ್ಕೂ 100 ಮಂದಿಯ ಮಿತಿ. ನಿಮ್ಮದು ನೋಂದಾಯಿತ ಸಂಘವಾದ್ದರಿಂದ ಗೂಗಲ್‌ನ ಲಾಭರಹಿತ ಸಂಸ್ಥೆಗಳ ಯೋಜನೆಗೆ ಅರ್ಜಿ ಹಾಕಿ. ಒಪ್ಪಿಗೆಯಾದರೆ ಅದೇ 100 ಮಂದಿಯ ಮೀಟ್ 24 ಗಂಟೆಯವರೆಗೆ ಉಚಿತ. ಆಗದಿದ್ದರೆ ಝೂಮ್ ಪ್ರೊ ಒಂದೇ ಲೈಸೆನ್ಸ್. ಹಣ ಕೊಡಬೇಕಾದ್ದು ಹೋಸ್ಟ್ ಮಾತ್ರ, ಸೇರುವವರಿಗೆ ಖಾತೆಯೂ ಬೇಡ. ತಿಂಗಳ ಲೆಕ್ಕದಲ್ಲಿ ತೆಗೆದು ತಾನಾಗಿ ನವೀಕರಣ ಆಗುವುದನ್ನು ನಿಲ್ಲಿಸಿದರೆ ಸಭೆಯೂ ತಾಳಮದ್ದಳೆಯೂ ಇಲ್ಲದ ತಿಂಗಳು ಖರ್ಚಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ: ಖಾತೆಯನ್ನು ಕಾರ್ಯದರ್ಶಿಯ ಸ್ವಂತ ಜಿಮೇಲಲ್ಲಿ ತೆರೆಯಬೇಡಿ. ಸಂಘದ ಹೆಸರಲ್ಲಿ ಬೇರೆ ಖಾತೆ, ಎರಡು ಹಂತದ ದೃಢೀಕರಣ, ಗೂಗಲ್ ಕೊಡುವ 10 ಬ್ಯಾಕಪ್ ಕೋಡ್ ಮುದ್ರಿಸಿ ಸಂಘದ ಕಡತದಲ್ಲಿ. ಪದಾಧಿಕಾರಿಗಳು ಬದಲಾದ ವರ್ಷವೇ ಸಂಘಗಳ ಪಾಸ್‌ವರ್ಡ್ ಕಾಣೆಯಾಗುವುದು.

ಚಕ್ರತಾಳ:
ಸಭೆಗೆ ಮೀಟ್ ಆಗಲಿ. ತಾಳಮದ್ದಳೆಗೆ ನನ್ನ ಮತ ಝೂಮ್‌ಗೆ. ಕಾರಣ ಚೆಂಡೆ.

ಈ ಆ್ಯಪ್‌ಗಳೆಲ್ಲ ಮನುಷ್ಯನ ಮಾತಿಗೆ ಹೊಂದಿಸಿದವು. ಚೆಂಡೆ ಮದ್ದಳೆಯ ಪೆಟ್ಟನ್ನು ಗದ್ದಲವೆಂದು ತಿಳಿದು ಅಳಿಸಿ ಹಾಕ್ತವೆ, ಶ್ರುತಿ ಪೆಟ್ಟಿಗೆಯ ಏಕನಾದ ಫ್ಯಾನಿನ ಸದ್ದಿನ ಹಾಗೆ ಮಾಯ. ಝೂಮ್‌ನ ಕಂಪ್ಯೂಟರ್ ಆವೃತ್ತಿಯಲ್ಲಿ ಸೆಟ್ಟಿಂಗ್ಸ್, ಆಡಿಯೋ ಒಳಗೆ ಸಂಗೀತಗಾರರಿಗಾಗಿ ‘ಒರಿಜಿನಲ್ ಸೌಂಡ್’ ಉಂಟು. ಅದನ್ನು ಆರಿಸಿ, ಹೈ ಫಿಡೆಲಿಟಿಗೂ ಗುರುತು ಹಾಕಿ. ಮೀಟಿಂಗ್ ಶುರುವಾದ ಮೇಲೆ ಪರದೆಯ ಮೇಲ್ಗಡೆ ಅದು ಆನ್ ಇದೆಯೇ ಎಂದು ಮತ್ತೆ ನೋಡಬೇಕು, ಇಲ್ಲೇ ಹೆಚ್ಚಿನವರು ತಪ್ಪುವುದು.

ಹಿಮ್ಮೇಳ (ಹಾಡುವ ಭಾಗವತರು, ಚೆಂಡೆ ಮದ್ದಳೆಯವರು) ಪೂರ್ತಿ ಒಂದೇ ಕೋಣೆಯಲ್ಲಿರಲಿ. ಒಟ್ಟಿಗೆ ನುಡಿಸುವವರ ನಡುವೆ ಧ್ವನಿಯ ವಿಳಂಬ 30 ಮಿಲಿಸೆಕೆಂಡ್ ದಾಟಿದರೆ ತಾಳ ಜಾರ್ತದೆ. ಇಂತಹ ಮೀಟಿಂಗಲ್ಲಿ 150 ಸಾಮಾನ್ಯ. ಭಾಗವತರು ಮುಳ್ಳೇರಿಯದಲ್ಲಿ, ಮದ್ದಳೆ ಮಂಗಳೂರಲ್ಲಿ ಅಂದ್ರೆ ಯಾವ ಆ್ಯಪಿನಿಂದಲೂ ಆಗದು. ಅರ್ಥಧಾರಿಗಳು ಎಲ್ಲಿದ್ದರೂ ಅಡ್ಡಿಯಿಲ್ಲ, ಮಾತಿಗೆ ಆ ವಿಳಂಬ ಸಹ್ಯ. ಭಾಗವತರ ಪದ (ಹಾಡು) ಮುಗಿದು ಅರ್ಥಕ್ಕೆ (ಮಾತಿಗೆ) ತೊಡಗುವಾಗ ಒಂದು ಉಸಿರು ಕಾಯಿರಿ ಎಂದರೆ ಸಾಕು.

ಮಿಕ್ಸರನ್ನು ಲ್ಯಾಪ್‌ಟಾಪಿಗೆ ಯುಎಸ್‌ಬಿ ಸೌಂಡ್ ಕಾರ್ಡ್ ಮೂಲಕ ಜೋಡಿಸಿ. ನೇರ ಮೈಕ್ ಜ್ಯಾಕಿಗೆ ಚುಚ್ಚಿದರೆ ಮಟ್ಟ ಜಾಸ್ತಿಯಾಗಿ ಸ್ವರ ಒಡೀತದೆ. ಒರಿಜಿನಲ್ ಸೌಂಡಲ್ಲಿ ಎಕೋ ತಡೆಯನ್ನು ತೆಗೆದಿಟ್ಟರೆ ಕೋಣೆಯಲ್ಲಿ ಸ್ಪೀಕರ್ ಇರಕೂಡದು, ಭಾಗವತರ ಒಂದು ಕಿವಿಗೆ ಇಯರ್‌ಫೋನ್. ಲ್ಯಾಪ್‌ಟಾಪಿನಿಂದ ಬಂದ ಅರ್ಥಧಾರಿಯ ಧ್ವನಿ ಮಿಕ್ಸರ್ ಹಾದು ಪುನಃ ಲ್ಯಾಪ್‌ಟಾಪಿಗೆ ಹೋಗದ ಹಾಗೆ ನೋಡಿಕೊಳ್ಳಿ. ಹೋದರೆ ಅವರ ಮಾತೇ ಅವರಿಗೆ ತಿರುಗಿ ಕೇಳ್ತದೆ.

ಪ್ರೇಕ್ಷಕರನ್ನು ಮೀಟಿಂಗಿಗೆ ಕರೀಬೇಡಿ. ಒಳಗೆ ಕಲಾವಿದರು, ಆಯೋಜಕರು ಸೇರಿ ಹನ್ನೆರಡು ಮಂದಿ ಸಾಕು. ಉಳಿದವರಿಗೆ ಒಬಿಎಸ್‌ನಿಂದ (ನೇರ ಪ್ರಸಾರದ ಉಚಿತ ತಂತ್ರಾಂಶ) ಯೂಟ್ಯೂಬ್ ಲೈವ್. ಹೊಸ ಚಾನೆಲಿಗೆ ಲೈವ್ ಅನುಮತಿ ಸಿಗಲು 24 ಗಂಟೆ ಹಿಡಿಯಬಹುದು, ಹಿಂದಿನ ದಿನವೇ ಕೇಳಿಡಿ. ಮೊಬೈಲಿನಿಂದ ಲೈವ್ ಮಾಡಲು 50 ಚಂದಾದಾರರು ಬೇಕು, ಕಂಪ್ಯೂಟರಿನಿಂದ ಬೇಡ.

ಮಧುವಾಹಿನಿ:
ಉಪಕಾರ ಆಯ್ತು. ಪೆರ್ಲ, ಬಾಯಾರು ಕಡೆ ತೋಟದ ಮನೆಗಳಲ್ಲಿ ರೇಂಜಿಲ್ಲ. ಅವರಿಗೆ ಎಂತ ಮಾಡುದು? ಮತ್ತೆ ಗಲ್ಫಿನವರಿಗೆ ಯಾವ ಹೊತ್ತು?

ಚಂದ್ರಗಿರಿ ತೀರ:
ಸಭೆಗೆ ವಿಡಿಯೋ ಆಫ್ ಮಾಡಿ ಸೇರುವುದಷ್ಟೇ ಸಾಲದು, ಬೇರೆಯವರ ವಿಡಿಯೋ ಬರುವುದನ್ನೂ ನಿಲ್ಲಿಸಬೇಕು. ಬರೀ ಧ್ವನಿಗೆ ಸೆಕೆಂಡಿಗೆ 80 ಕಿಲೋಬಿಟ್ ಸಾಕು, ಗಂಟೆಗೆ 36 ಎಂಬಿ. ವಿಡಿಯೋ 1 ಮೆಗಾಬಿಟ್ ಎಳೆದರೆ ಗಂಟೆಗೆ 450 ಎಂಬಿ. ಮೂರು ಗಂಟೆಗೆ ದಿನದ ಒಂದೂವರೆ ಜಿಬಿ ಹೆಚ್ಚುಕಮ್ಮಿ ಖಾಲಿ. ಯೂಟ್ಯೂಬಿನಲ್ಲಿ 144ಪಿ ಇಟ್ಟು ನೋಡ್ಲಿ, ತಾಳಮದ್ದಳೆಯಲ್ಲಿ ನೋಡುವುದಕ್ಕಿಂತ ಕೇಳುವುದೇ ಅಲ್ವಾ.

ಹಿಮ್ಮೇಳದ ಕೋಣೆಗೆ ಮಾತ್ರ ಫೈಬರ್ ಬೇಕು, ವೈಫೈ ಬಿಟ್ಟು ಲ್ಯಾನ್ ಕೇಬಲ್. ಮಳೆಗಾಲದಲ್ಲಿ ಕರೆಂಟು ಹೋದರೆ ಲ್ಯಾಪ್‌ಟಾಪ್ ಉಳೀತದೆ, ರೂಟರ್ ಸಾಯ್ತದೆ. 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಫೈಬರ್ ಬಾಕ್ಸ್ ಬೇರೆಯೇ ಇದ್ದರೆ ಅದಕ್ಕೂ ಒಂದು. ಅಡಾಪ್ಟರಿನ ಮೇಲೆ ಬರೆದ ಆಂಪಿಯರ್ ನೋಡಿ ಕೊಳ್ಳಿ.

ಹೊತ್ತು ಭಾನುವಾರ ರಾತ್ರಿ 8ಕ್ಕೆ ಇಡಿ, ದುಬೈಯಲ್ಲಿ ಆಗ ಸಂಜೆ ಆರೂವರೆ. ಅಲ್ಲಿ 2022ರಿಂದ ಶನಿವಾರ, ಭಾನುವಾರವೇ ರಜೆ. ಶುಕ್ರವಾರದ ಹಳೆಯ ಲೆಕ್ಕ ಹಿಡಿಯಬೇಡಿ.