ಸಿನಿಮಾ, ಸೀರಿಯಲ್ ಪಾಠ ಮಾಡಿದರೆ ಮಕ್ಕಳಿಗೆ ನೋವಾಗುತ್ತಿದೆ, ಏನು ಮಾಡಲಿ?

ಹಾಸನದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಈ ಸಲ ಮೊದಲ ವರ್ಷದ ಬಿಎ ಮಕ್ಕಳಿಗೆ ಜನಪ್ರಿಯ ಸಂಸ್ಕೃತಿ ಅಂತ ಒಂದು ಪೇಪರ್ ಇದೆ. ಸಿನಿಮಾ, ಸೀರಿಯಲ್, ಜಾಹೀರಾತು, ರೀಲ್ಸ್ ಎಲ್ಲ ಬರುತ್ತೆ. ಖುಷಿಯಿಂದ ಕೂರುತ್ತಾರೆ ಅಂದುಕೊಂಡಿದ್ದೆ. ಮೊನ್ನೆ ಒಂದು ಹೊಸ ಸಿನಿಮಾ ಬಗ್ಗೆ ಮಾತಾಡುತ್ತಾ, ಇದರಲ್ಲಿ ನಾಯಕಿಗೆ ಕೆಲಸವೇ ಇಲ್ಲ ಅಲ್ವಾ ಅಂತ ಕೇಳಿದೆ, ಅಷ್ಟೇ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು "ಸರ್, ನಮ್ಮ ಹೀರೋನ ಬೈಯೋದಾದರೆ ನಾನು ಕ್ಲಾಸಿಗೆ ಬರಲ್ಲ" ಅಂದ. ದನಿ ನಡುಗುತ್ತಿತ್ತು. ಸಿಟ್ಟಿಗಿಂತ ನೋವೇ ಜಾಸ್ತಿ ಇತ್ತು. ಅವನಿಗೆ ಇಷ್ಟವಾದದ್ದನ್ನು ಕಿತ್ತುಕೊಳ್ಳದೆ, ಅದರ ಬಗ್ಗೆ ಯೋಚನೆ ಮಾಡೋದನ್ನು ಹೇಗೆ ಕಲಿಸಲಿ?

ಮೈಸೂರಿನಿಂದ:
ಸರ್, ತೀರ್ಪಿನಿಂದ ಶುರು ಮಾಡಬೇಡಿ. ಮೊದಲು ಸುಮ್ನೆ ನೋಡಿಸಿ. ನಾನು ಹೀರೋ ಎಂಟ್ರಿ ಸೀನ್ ಒಂದನ್ನು ಸೌಂಡ್ ತೆಗೆದು ಮೂರು ಸಲ ಹಾಕುತ್ತೇನೆ. ಕಂಡದ್ದನ್ನಷ್ಟೇ ಬರೆಯಿರಿ ಅಂತೀನಿ. ಮೊದಲು ಬೂಟು, ಆಮೇಲೆ ಧೂಳು, ಮುಷ್ಟಿ, ಬೆನ್ನು, ಎಲ್ಲ ಆದಮೇಲೆ ಮುಖ. ಕ್ಯಾಮೆರಾ ನೆಲದ ಹತ್ತಿರ ಇರುತ್ತೆ, ಸುತ್ತ ಇರುವವರೆಲ್ಲ ತಲೆ ಎತ್ತಿ ನೋಡುತ್ತಿರುತ್ತಾರೆ. ಆಮೇಲೆ ಅದೇ ಸಿನಿಮಾದಲ್ಲಿ ನಾಯಕಿ ಮೊದಲ ಸಲ ಕಾಣುವ ಸೀನ್ ಹಾಕುತ್ತೇನೆ. ಹೋದ ವರ್ಷ ಒಬ್ಬಳು ಹುಡುಗಿ ಪೆನ್ನು ಕೆಳಗಿಟ್ಟು, "ಮೇಡಂ, ಹೀರೋನ ನಾವು ನೋಡ್ತೀವಿ. ಹೀರೋಯಿನ್‌ನ ಹೀರೋ ನೋಡ್ತಾನೆ, ನಾವು ಅವನ ಕಣ್ಣಲ್ಲಿ ನೋಡ್ತೀವಿ" ಅಂದಳು. ಸಿನಿಮಾ ಬಗ್ಗೆ ಬರೆಯುವ ಬ್ರಿಟಿಷ್ ಚಿಂತಕಿ ಲಾರಾ ಮಲ್ವಿ 1975ರ ಲೇಖನದಲ್ಲಿ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಆ ಹೆಸರನ್ನು ನಾನು ಆಮೇಲೆ ಹೇಳಿದೆ. ಮೊದಲೇ ಹೇಳಿದ್ದರೆ ನೋಟ್ಸ್ ಬರೆದುಕೊಂಡು ಮರೆತುಬಿಡುತ್ತಿದ್ದರು.

ಮಲೆನಾಡಿನವ:
ಮೇಡಂ ಹೇಳಿದ್ದು ಸರಿ, ಆದರೆ ಈಗಿನ ಹೀರೋಗಳನ್ನು ಎರಡನೇ ತಿಂಗಳಿಗೆ ಇಟ್ಟುಕೊಳ್ಳಿ. ಮೊದಲು ಹಳೇದೊಂದು ತಗೊಳ್ಳಿ. 1972ರ ಬಂಗಾರದ ಮನುಷ್ಯ ನನಗೆ ತುಂಬಾ ಇಷ್ಟ, ಈಗಲೂ ಕಣ್ಣು ತುಂಬುತ್ತೆ. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದವರ ಕಥೆಗಳನ್ನು ಎಲ್ಲರೂ ಕೇಳಿರುತ್ತೇವೆ. ಈಗ ಸಿನಿಮಾದ ಆಚೆ ನೋಡಿ. ಅದೇ ವರ್ಷ ದೇವರಾಜ ಅರಸು ಮುಖ್ಯಮಂತ್ರಿಯಾದರು, 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯ ಅನ್ನೋದು ಊರೂರಿನ ಮಾತಾಯಿತು. ಹೊರಗೆ ಭೂಮಿ ಯಾರದು ಅನ್ನೋ ಜಗಳ ನಡೆಯುತ್ತಿದ್ದಾಗ ಪರದೆ ಮೇಲೆ ಒಬ್ಬ ಒಳ್ಳೆಯ ಮನುಷ್ಯ ಬೆವರು ಸುರಿಸಿ ಬರಡು ನೆಲ ಹಸನು ಮಾಡುತ್ತಾನೆ. ಕಷ್ಟಪಟ್ಟರೆ ಸಾಕು ಅನ್ನೋ ಕಥೆ ಆಗ ಯಾರಿಗೆ ಸಮಾಧಾನ ಕೊಟ್ಟಿತು, ಗೇಣಿ ಮಾಡುತ್ತಿದ್ದವನಿಗೆ ಅದೇ ಸಿನಿಮಾ ಹೇಗೆ ಕಂಡಿರಬಹುದು? ಇದನ್ನು ಕೇಳಿದರೆ ಅಣ್ಣಾವ್ರಿಗೆ ಅವಮಾನ ಆಗಲ್ಲ. ಮನೆಗೆ ಹೋಗಿ ತಾತನನ್ನು ಕೇಳಿಕೊಂಡು ಬನ್ನಿ ಅಂತ ಕಳಿಸಿ.

ಎಂಎ ಓದುತ್ತಿರುವವಳು:
ನಾನು ಇಂಥದ್ದೇ ಪೇಪರ್ ಓದಿದೆ. ಮೊದಮೊದಲು ನನಗೂ ಬೇಜಾರಾಗಿತ್ತು, ಯಾಕೆಂದರೆ ಸೀರಿಯಲ್ ನೋಡುವವರು ದಡ್ಡರು ಅನ್ನೋ ಹಾಗೆ ಪಾಠ ನಡೆಯುತ್ತಿತ್ತು, ಮನೆಯಲ್ಲಿ ಅಜ್ಜಿ ದಿನಾ ಸಂಜೆ ಏಳಕ್ಕೆ ಟಿವಿ ಮುಂದೆ ಹುರುಳಿಕಾಯಿ ಸೋಸುತ್ತಾ ಕೂರುತ್ತಿದ್ದರು. ಆಮೇಲೆ ಟಿವಿ, ಸಂಸ್ಕೃತಿ ಬಗ್ಗೆ ಬರೆದ ಚಿಂತಕ ಸ್ಟುವರ್ಟ್ ಹಾಲ್ 1973ರಲ್ಲಿ ಬರೆದದ್ದು ಪಾಠಕ್ಕೆ ಬಂತು. ಮಾಡಿದವರು ಒಂದು ಅರ್ಥ ಇಟ್ಟು ಕಳಿಸಿದರೂ ನೋಡುವವರು ಅದನ್ನು ಒಪ್ಪಬಹುದು, ಅರ್ಧ ಒಪ್ಪಬಹುದು, ತಿರುಗಿಸಿಯೂ ಓದಬಹುದು ಅಂತ. ಅವತ್ತು ಸಂಜೆ ಟಿವಿ ಬಿಟ್ಟು ಅಜ್ಜಿಯನ್ನೇ ನೋಡಿದೆ. ಸೊಸೆ ಅಳುತ್ತಾ ಎಲ್ಲರ ಕ್ಷಮೆ ಕೇಳುತ್ತಿದ್ದಳು, ಹಿಂದೆ ಪಿಟೀಲು. ಅಜ್ಜಿ ಕಾಯಿ ಮುರಿಯುತ್ತಾ "ತಪ್ಪು ಮಾಡಿದ್ದು ಅವನು, ಇವಳ್ಯಾಕೆ ಕೇಳಬೇಕು" ಅಂದರು. ಅಮ್ಮ ಒಳಗಿಂದ "ಕೇಳದಿದ್ರೆ ಮನೆಯಲ್ಲಿ ಇರೋಕೆ ಬಿಡ್ತಾರಾ" ಅಂದರು. ನನ್ನ ಮೊದಲ ಅಸೈನ್‌ಮೆಂಟ್ ಅದೇ. ಸರ್, ದಯವಿಟ್ಟು ಮನೆಯವರು ನೋಡುವುದನ್ನು ನೋಡಿ ಬರೆಯೋಕೆ ಹೇಳಿ.

ಹಾಸನದ ಮೇಷ್ಟ್ರು:
ತುಂಬಾ ಥ್ಯಾಂಕ್ಸ್. ನಾನು ಉತ್ತರ ಜೇಬಲ್ಲಿಟ್ಟುಕೊಂಡು ಪ್ರಶ್ನೆ ಕೇಳಿದ್ದೆ, ಆ ಹುಡುಗನಿಗೆ ಅದು ಗೊತ್ತಾಗಿತ್ತು ಅನಿಸುತ್ತೆ. ಸೋಮವಾರ ಸೌಂಡ್ ಇಲ್ಲದೆ ಎಂಟ್ರಿ ಸೀನ್ ಹಾಕುತ್ತೇನೆ. ಯಾವುದು ಹಾಕೋಣ ಅಂತ ಅವನನ್ನೇ ಕೇಳುತ್ತೇನೆ.